ಸಾಹೇಬರಿಗೆ ತಂದ ಕುರ್ಚಿ

ಆಳಂದ ಇನ್ನೂ ಎರಡು ಮೈಲಿ ಇದೆ ಎನ್ನುವಾಗಲೇ ಬಸ್ಸಿನ ಕಿಟಕಿಯಿಂದ ಆ ವಾಸನೆ ಒಳಗೆ ಬರುತ್ತದೆ. ತೊಗರಿಗೆ ಎಣ್ಣೆ ಸವರಿ ದಾಲ್ ಮಿಲ್ಲಿನ ಅಂಗಳದಲ್ಲಿ ಬಿಸಿಲಿಗೆ ಹರವಿದಾಗ ಏಳುವ ವಾಸನೆ. ಕಳೆದ ವಾರ ಜೇವರ್ಗಿಯಿಂದ ಅವ್ವನನ್ನು ನೋಡಲು ಹೊರಟಿದ್ದ ನನ್ನ ಮೂಗಿಗೆ ಅದು ಬಡಿಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಹಿಡಿಯಲಿಲ್ಲ. ಅದು ನಮ್ಮಪ್ಪನ ಅಂಗಿಯ ವಾಸನೆ. ಆದರೆ ಅಪ್ಪನ ಬೆನ್ನಿಗೇ ಇನ್ನೊಬ್ಬ ಮನುಷ್ಯನೂ ನೆನಪಾಗುತ್ತಾನೆ, ಮೈಯೆಲ್ಲ ಉರಿಯುತ್ತದೆ. ನಾಲ್ಕು ವರ್ಷವಾದರೂ ಆ ಉರಿ ಆರಿಲ್ಲ. ಆರಲಿ ಎಂದು ನಾನು ಬಯಸಿಯೂ ಇಲ್ಲ.

ಜೇವರ್ಗಿಯಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಅಂಗಡಿ ಇದೆ. ಒಂದು ಕಂಪ್ಯೂಟರ್, ಒಂದು ಝೆರಾಕ್ಸ್ ಮಷಿನ್, ಬಂದವರು ಕೂರಲು ಒಂದು ಬೆಂಚು. ಮುದುಕರು, ವಿಧವೆಯರು, ಬೇನೆಬಿದ್ದವರು ಮಾಸಾಶನದ ಅರ್ಜಿ ಹಾಕಿಸಲು ಬರುತ್ತಾರೆ. ದುಡಿಯಲಾಗದವರಿಗೆ ಸರ್ಕಾರ ತಿಂಗಳಿಗೊಮ್ಮೆ ಕೊಡುವ ಆ ಸಹಾಯಕ್ಕೆ ನಮ್ಮ ಕಡೆ ಪಗಾರ ಅಂತಲೇ ಹೆಸರು. ಅರ್ಜಿ ತುಂಬಿದ ಮೇಲೆ ಎಲ್ಲರಿಗೂ ಒಂದು ಮಾತು ಹೇಳಿ ಕಳಿಸುತ್ತೇನೆ. ವಿಚಾರಣೆಗೆ ಸಾಹೇಬರು ಮನೆಗೆ ಬಂದಾಗ ಮಂದಿಯ ಮನೆಯಿಂದ ಏನನ್ನೂ ತರಬೇಡಿ, ಚಹಾ ಕಾಸಬೇಡಿ, ಇದ್ದುದರಲ್ಲಿ ಒಳ್ಳೆಯ ಅಂಗಿ ಹುಡುಕಿ ಹಾಕಿಕೊಳ್ಳಬೇಡಿ. ಅವರು ಹ್ಞೂಂ ಎನ್ನುತ್ತಾರೆ. ಕೆಲವರು, ಯಾವ ಮನೆತನದ ಹುಡುಗಿ ಇದು ಎಂಬಂತೆ ನನ್ನ ಮುಖ ನೋಡುತ್ತಾರೆ. ಅಂಗಡಿಯಲ್ಲಿ ಕೂತು ಕಾರಣ ಹೇಳುವಷ್ಟು ಪುರಸೊತ್ತು ನನಗಿರುವುದಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮೂರು ಆಳಂದಕ್ಕೆ ಹತ್ತಿರ. ಅಪ್ಪ ಇಪ್ಪತ್ತಕ್ಕೂ ಹೆಚ್ಚು ವರ್ಷ ಒಂದು ದಾಲ್ ಮಿಲ್ಲಿನಲ್ಲಿ ದುಡಿದ. ಹೆಸರು ಲಕ್ಷ್ಮಣ. ತೊಗರಿಯ ಸಿಪ್ಪೆ ಬಿಡಿಸುವ ಮಷಿನ್ನಿನ ಮುಂದೆ ನಿಲ್ಲುವ ಕೆಲಸ. ಹೊಟ್ಟಿನ ಧೂಳು ಅವನ ಹುಬ್ಬಿನ ಮೇಲೆ, ಕಿವಿಯೊಳಗೆ, ಕೊನೆಗೆ ಎದೆಯೊಳಗೆ ಹೋಗಿ ಕೂತಿತು. ಆ ವರ್ಷ ಎಳ್ಳಮಾವಾಸ್ಯೆ ಮುಗಿದು ಹೊಸ ತೊಗರಿ ಬರಲು ಶುರುವಾಗಿತ್ತು, ಮಿಲ್ಲು ಬಿಡುವಿಲ್ಲದೆ ನಡೆದಿತ್ತು. ಅಂಥ ಸುಗ್ಗಿಯ ನಡುವೆ ಒಂದು ಮಧ್ಯಾಹ್ನ ಅಪ್ಪ ಚೀಲದ ಮೇಲೆ ಕುಸಿದು ಕೂತ. ಕಲಬುರಗಿಯ ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, ಇನ್ನು ಧೂಳಿನ ಹತ್ತಿರ ಸುಳಿಯಬೇಡಿ ಎಂದರು. ಬಾಯಿಗಿಟ್ಟು ಎಳೆದುಕೊಳ್ಳುವ ಒಂದು ಪಂಪು ಬರೆದುಕೊಟ್ಟರು, ಅದು ತಪ್ಪಬಾರದು ಎಂದರು. ಮಿಲ್ಲಿನ ಸಾವ್ಕಾರ ನಾಳೆಯಿಂದ ಬರಬೇಡ ಎಂದ. ಅಷ್ಟು ವರ್ಷದ ದುಡಿಮೆಗೆ ಅವನು ಒಂದು ಕಾಗದದ ತುಂಡನ್ನೂ ಕೊಡಲಿಲ್ಲ, ಹತ್ತಿ ಬಟ್ಟೆಯ ಒಂದು ಪಂಚೆ ಕೊಟ್ಟ.

ರೇಶನ್ ಅಕ್ಕಿ ಬರುತ್ತಿತ್ತು, ಅವ್ವ ಹೊಲದ ಕೂಲಿಗೆ ಹೋಗುತ್ತಿದ್ದಳು, ಹೊಟ್ಟೆಯ ಚಿಂತೆ ಹೇಗೋ ನೀಗುತ್ತಿತ್ತು. ನೀಗದೆ ಇದ್ದದ್ದು ಆ ಪಂಪು. ಅದು ಇದ್ದ ದಿನ ಅಪ್ಪ ಕಟ್ಟೆಯ ಮೇಲೆ ಕೂತು ಹೋಗುವವರನ್ನು ಮಾತಾಡಿಸುತ್ತಿದ್ದ. ಇಲ್ಲದ ದಿನ ಗೋಡೆಗೊರಗಿ ಕಣ್ಣು ಮೇಲೆ ಮಾಡಿಕೊಂಡು ಗಾಳಿಗಾಗಿ ಬಾಯಿ ತೆರೆಯುತ್ತಿದ್ದ. ನಾನು ಬಿ.ಎ. ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದೆ. ಪಗಾರ ಬಂದರೆ ಪಂಪು ತಪ್ಪುವುದಿಲ್ಲ ಎಂದು ಲೆಕ್ಕ ಹಾಕಿ ಅರ್ಜಿ ಹಾಕಿದೆ. ಶಿವರಾತ್ರಿ ಆದ ಮೇಲೆ, ಸಾಹೇಬರು ಮನೆಗೇ ಬಂದು ನೋಡಿಕೊಂಡು ಹೋಗುತ್ತಾರೆ ಎಂದು ಸುದ್ದಿ ಬಂತು.

ಆ ಸಾಹೇಬನ ಹೆಸರು ಬರೆಯುವುದಿಲ್ಲ. ಊರಿನ ಹೊಲ-ಕಂದಾಯದ ಲೆಕ್ಕ ಬರೆಯುವವನಿಗೆ ಹಳೆಯವರು ಪಟವಾರಿ ಎನ್ನುತ್ತಿದ್ದರಲ್ಲ, ಆ ಜಾಗದಲ್ಲಿ ಈಗ ಇರುವ ನೌಕರ ಎಂದರೆ ಸಾಕು. ಅವನು, ಇವನು ಎಂದೇ ಬರೆಯುತ್ತೇನೆ, ಬಹುವಚನ ನನ್ನ ಕೈಯಿಂದ ಬರುವುದಿಲ್ಲ. ಅವನು ಲಂಚ ಕೇಳುವವನಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಅವನಿಗೆ ಪ್ರಾಮಾಣಿಕ ಎಂಬ ಹೆಸರಿತ್ತು. ಕಣ್ಣಿಗೆ ಕಂಡದ್ದನ್ನು ಕಂಡಂತೆ ಬರೆಯುತ್ತಾನೆ ಎಂದು ಜನ ಹೊಗಳುತ್ತಿದ್ದರು.

ನಮ್ಮ ಓಣಿ ಊರಿನ ಕಡೆಯ ಓಣಿ. ಮನೆಮನೆಯಲ್ಲೂ ಬುದ್ಧನ ಫೋಟೊ ಇರುವ ಓಣಿ. ಕಚೇರಿಯವರು ಯಾರಾದರೂ ಬಂದರೆ ರಸ್ತೆಯ ಮೇಲೇ ನಿಂತು ಹೆಸರು ಕೂಗಿ, ಸಹಿ ಹಾಕಿಸಿಕೊಂಡು ಹೋಗುತ್ತಿದ್ದರು. ನೀರು ತರಲೇ ಎಂದರೆ, ಈಗ ತಾನೇ ಕುಡಿದು ಬಂದೆ ಎನ್ನುತ್ತಿದ್ದರು. ಯಾಕೆ ಎನ್ನುವುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಹಾಗಾಗಿ ಸಾಹೇಬ ಹೊಸ್ತಿಲು ದಾಟಿ ಒಳಗೆ ಬರುತ್ತಾನೆ ಎಂದು ಕೇಳಿದಾಗ ಅಪ್ಪನಿಗೆ ಪಗಾರ ಮರೆತೇ ಹೋಯಿತು. ಮನೆಗೆ ಅತಿಥಿ ಬರುತ್ತಿದ್ದಾನೆ ಎನ್ನುವುದೊಂದೇ ತಲೆಯಲ್ಲಿ ಉಳಿಯಿತು.

ಪಕ್ಕದ ಮನೆಯ ಮಹಾದೇವಿ ಕಾಕು ತನ್ನ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಸೀಗೆಪುಡಿ ಹಾಕಿ ತೊಳೆದು ತಂದಿಟ್ಟಳು. ಬೇಕಾದರೆ ಇರಲಿ ಎಂದು ಅವಳ ಮಗನ ಮೋಟಾರ್ ಸೈಕಲ್ಲೂ ನಮ್ಮ ಬೇವಿನ ಗಿಡದ ಕೆಳಗೆ ಬಂದು ನಿಂತಿತು. ಕಿರಾಣಿ ಅಂಗಡಿಯ ರಸೂಲ್ ಮಾಮಾ ತನ್ನ ಟೇಬಲ್ ಫ್ಯಾನು, ಹೂವಿನ ಚಿತ್ರದ ಚಹಾದ ಕಪ್ಪು-ಬಸಿ, ಒಂದು ಕಟ್ಟು ಊದಿನಕಡ್ಡಿ ಕೊಟ್ಟ. ಅವ್ವ ಚುರುಮುರಿ ನೆನೆಸಿ ಒಗ್ಗರಣೆ ಹಾಕಿ ಸುಸಲಾ ಮಾಡಿದಳು, ಮಿರ್ಚಿ ಕರಿದಳು. ಅಪ್ಪ ಹಜಾಮರ ಅಂಗಡಿಗೆ ಹೋಗಿ ಗಡ್ಡ ಮಾಡಿಸಿಕೊಂಡು ಬಂದು, ಸಾವ್ಕಾರ ಕೊಟ್ಟ ಆ ಹೊಸ ಪಂಚೆ ಉಟ್ಟು ಕೂತ. ಬೆಳಗಿನಿಂದ ಯಾರೊಂದಿಗೂ ಮಾತಾಡಲಿಲ್ಲ. ಏನಾಯಿತು ಎಂದು ಕೇಳಿದರೆ ಕೈಸನ್ನೆ ಮಾಡಿದ. ಉಸಿರು ಕೂಡಿಡುತ್ತಿದ್ದಾನೆ ಎಂದು ನನಗೆ ಆಮೇಲೆ ತಿಳಿಯಿತು. ಪಂಪಿನಲ್ಲಿ ಉಳಿದಿದ್ದದ್ದನ್ನೆಲ್ಲ ಅವತ್ತು ಬೆಳಗ್ಗೆಯೇ ಎಳೆದುಕೊಂಡಿದ್ದ.

ಸಾಹೇಬ ರಸ್ತೆಯಲ್ಲಿ ಇಳಿದಾಗ ಅಪ್ಪ ಅಲ್ಲಿಯವರೆಗೆ ನಡೆದು ಹೋದ. ಎದುರುಗೊಂಡು ಕರೆತರುವುದು ಮನೆಯ ಯಜಮಾನನ ಕೆಲಸ, ನಾನು ಹೋಗುತ್ತೇನೆ ಎಂದರೆ ಕೇಳಲಿಲ್ಲ. ಬರುವಾಗ ಅವನ ಕೈಯ ಚೀಲವನ್ನೂ ಇಸಿದುಕೊಂಡು ಹೆಗಲಿಗೆ ಹಾಕಿಕೊಂಡು ಬಂದ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಪ್ಪನ ಕುತ್ತಿಗೆಯ ನರಗಳು ಹಗ್ಗದಂತೆ ಉಬ್ಬಿದ್ದವು, ಮುಖ ಮಾತ್ರ ನಗುತ್ತಿತ್ತು.

ಸಾಹೇಬ ಕುರ್ಚಿಯ ಮೇಲೆ ಕೂತ, ಫ್ಯಾನಿಗೆ ಮುಖ ಕೊಟ್ಟ. ಸುಸಲಾ ಎರಡು ಸಲ ಹಾಕಿಸಿಕೊಂಡ, ಚಹಾ ಕುಡಿದ. ಅವನು ಕಪ್ಪು ಬಾಯಿಗಿಟ್ಟಾಗ ಅಪ್ಪನ ಕಣ್ಣು ತುಂಬಿದ್ದನ್ನು ನಾನು ಕಂಡೆ. ನಮ್ಮ ಮನೆಯಲ್ಲಿ ಕಚೇರಿಯ ಮನುಷ್ಯನೊಬ್ಬ ಬಾಯಿ ತೇವ ಮಾಡಿಕೊಂಡದ್ದು ಅದೇ ಮೊದಲು. ಸಾಹೇಬ ಬೇವಿನ ಗಿಡದ ಕಡೆ ನೋಡಿ ಗಾಡಿ ಯಾರದು ಎಂದು ಕೇಳಿದ.

"ನಮ್ದೇ ತಿಳೀರಿ ಸಾಹೇಬ್ರ," ಎಂದ ಅಪ್ಪ.

ನಮ್ಮ ಓಣಿಯಲ್ಲಿ ಬಂದವರ ಮುಂದೆ ಇದು ಮಂದಿಯದು ಎಂದು ಯಾರೂ ಹೇಳುವುದಿಲ್ಲ. ಹಾಗೆ ಹೇಳಿದರೆ ಕೊಟ್ಟವರನ್ನು ಹೊರಗಿನವರು ಮಾಡಿದಂತೆ. ಮಹಾದೇವಿ ಕಾಕು ಅಲ್ಲೇ ಗೋಡೆಯ ಬದಿಗೆ ನಿಂತಿದ್ದಳು, ಅಪ್ಪನ ಮಾತು ಕೇಳಿ ಅವಳ ಮುಖವೂ ಅರಳಿತು. ಕುರ್ಚಿಯ ಬಗ್ಗೆ, ಫ್ಯಾನಿನ ಬಗ್ಗೆ ಕೇಳಿದಾಗಲೂ ಅಪ್ಪ ಅದೇ ಉತ್ತರ ಕೊಟ್ಟ. ಸಾಹೇಬ ತಲೆಯಾಡಿಸುತ್ತ ಬರೆದುಕೊಂಡ. ಎದೆಯ ಎಕ್ಸ್‌ರೇ ತೋರಿಸಲು ನಾನು ಮುಂದೆ ಬಂದರೆ, ಇರಲಿ ತಂಗಿ, ಎಲ್ಲ ನೋಡಿದೆನಲ್ಲ ಎಂದ. ಅವನು ಹೋದ ಮೇಲೆ ಅಪ್ಪ ಕೂತಲ್ಲೇ ಮಗ್ಗಲಾದ. ಹೊತ್ತು ಮುಳುಗುವವರೆಗೂ ಕೆಮ್ಮಿದ. ಕೆಮ್ಮಿನ ನಡುವೆ, ಸಾಹೇಬ ಎರಡು ಸಲ ಹಾಕಿಸಿಕೊಂಡ ನೋಡು ಎಂದು ಅವ್ವನಿಗೆ ಹೇಳುತ್ತಿದ್ದ.

ಯುಗಾದಿಯ ಹೊತ್ತಿಗೆ ಅರ್ಜಿ ವಜಾ ಆಗಿದೆ ಎಂದು ತಿಳಿಯಿತು. ಕಾರಣ ಕೇಳಲು ನಾನೇ ಕಚೇರಿಗೆ ಹೋದೆ. ಅಲ್ಲಿದ್ದ ಗುಮಾಸ್ತರು ಒಳ್ಳೆಯವರು, ವರದಿಯನ್ನೇ ನನ್ನ ಕಡೆ ತಿರುಗಿಸಿ ಇಟ್ಟರು. ಆ ಸಾಲುಗಳು ನನಗೆ ಬಾಯಿಪಾಠ. ಅರ್ಜಿದಾರರು ಸ್ಥಿತಿವಂತರಾಗಿರುತ್ತಾರೆ. ಮನೆಯಲ್ಲಿ ಕುರ್ಚಿ, ಫ್ಯಾನು ಹಾಗೂ ದ್ವಿಚಕ್ರ ವಾಹನ ಇರುತ್ತದೆ. ತಮ್ಮವೆಂದು ಅರ್ಜಿದಾರರೇ ಒಪ್ಪಿರುತ್ತಾರೆ. ಅರ್ಜಿದಾರರು ಸ್ವತಃ ರಸ್ತೆಯವರೆಗೆ ನಡೆದು ಬಂದು ಭಾರ ಹೊತ್ತಿದ್ದು, ದುಡಿಯಲು ಸಮರ್ಥರಿರುತ್ತಾರೆ.

ಕೊನೆಯ ಸಾಲು ಓದುವಾಗ ನನಗೆ ಅಕ್ಷರ ಕಾಣದಂತಾಯಿತು. ಆ ಚೀಲದಲ್ಲಿ ಇದ್ದದ್ದು ಅವನ ಫೈಲುಗಳು. ನಮ್ಮಪ್ಪ ಅವನ ಭಾರ ಹೊತ್ತದ್ದನ್ನು ಅವನು ನಮ್ಮಪ್ಪನ ಮೇಲೇ ಬರೆದಿದ್ದ. ತಿಂದದ್ದನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ. ಬಸ್ಸಿನಲ್ಲಿ ಕೂತು ಊರು ಬರುವವರೆಗೂ ಅವನನ್ನು ಬಾಯಿಗೆ ಬಂದಂತೆ ಬೈದೆ, ತುಟಿ ಅಲುಗಿಸದೆ. ಅವನ ಮಕ್ಕಳು, ಮರಿಮಕ್ಕಳು ಯಾರನ್ನೂ ಬಿಡಲಿಲ್ಲ. ಇವತ್ತು ಅವನ ಮಕ್ಕಳ ಮೇಲಿನ ಶಾಪವನ್ನು ವಾಪಸ್ ತೆಗೆದುಕೊಂಡಿದ್ದೇನೆ. ಅವನ ಮೇಲಿನದ್ದು ಹಾಗೇ ಇದೆ.

ಅಪ್ಪನಿಗೆ ಸುಳ್ಳು ಹೇಳಬೇಕೆಂದಿದ್ದೆ, ಆಗಲಿಲ್ಲ. ಓದಿ ಹೇಳಿದೆ. ಅವನು ಗೋಡೆಗೊರಗಿ ಪೂರ್ತಿ ಕೇಳಿದ. ಆಮೇಲೆ ಒಂದೇ ಮಾತು ಕೇಳಿದ.

"ಸುಸಲಾ ಛಲೋ ಆಗಿತ್ತಂತ ಬರದಾನೇನು?"

ಆಮೇಲೆ ಬೇಸಿಗೆ ಏರಿತು. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಿಲ್ಲ, ಹತ್ತು ಗಂಟೆಗೆಲ್ಲ ಓಣಿಯಲ್ಲಿ ನಾಯಿ ಕೂಡ ಓಡಾಡುವುದಿಲ್ಲ. ಅಂಥ ಸೆಕೆಯಲ್ಲಿ ಅಪ್ಪ ಒಂದು ಪಂಪನ್ನು ಎರಡು ತಿಂಗಳು ಎಳೆದ. ದಿನಕ್ಕೆ ಎರಡು ಸಲ ಇದ್ದದ್ದು ಒಂದು ಸಲವಾಯಿತು, ಆಮೇಲೆ ತೀರಾ ತಡೆಯಲಾಗದಿದ್ದಾಗ ಮಾತ್ರ. ಅವ್ವ ಕಿವಿಯ ಬೆಂಡೋಲೆ ಬಿಚ್ಚಿಕೊಟ್ಟಳು. ನಾನು ತಾಲ್ಲೂಕು ಕಚೇರಿಯ ದೊಡ್ಡ ಸಾಹೇಬರಿಗೆ ನಾಲ್ಕು ಪುಟದ ಅರ್ಜಿ ಬರೆದೆ. ಕುರ್ಚಿ ಯಾರದು, ಫ್ಯಾನು ಯಾರದು ಎಂದು ಹೆಸರು ಸಮೇತ ಬರೆದು, ಮಹಾದೇವಿ ಕಾಕು ಮತ್ತು ರಸೂಲ್ ಮಾಮಾನ ಸಹಿ ಹಾಕಿಸಿ, ಎಕ್ಸ್‌ರೇ ಜೊತೆಗಿಟ್ಟು, ಮೂರು ಸೋಮವಾರ ಬಾಗಿಲಲ್ಲಿ ನಿಂತು ಕೈಗೇ ಕೊಟ್ಟೆ. ಅವರು ಓದಿ, ಮತ್ತೊಮ್ಮೆ ವಿಚಾರಣೆ ಆಗಲಿ ಎಂದರು. ನಮ್ಮೂರು ಅವನ ಪಾಲಿಗೆ ಬರುವುದರಿಂದ ಅವನೇ ಮತ್ತೆ ಬರಬೇಕಿತ್ತು. ನನಗೂ ಅವನೇ ಬೇಕಾಗಿದ್ದ.

ಅವನು ಬರುವ ದಿನ ನಾನು ಓಣಿಯ ಮನೆಮನೆಗೆ ಹೋದೆ. ಯಾರೂ ಏನೂ ಕೊಡಬೇಡಿ, ಯಾರೂ ಬಾಗಿಲು ತೆರೆಯಬೇಡಿ, ನೀರು ಕೇಳಿದರೆ ಇಲ್ಲ ಎನ್ನಿ ಎಂದೆ. ನೀರಿನ ಮಾತಿಗೆ ಕೆಲವರು ಹಿಂದೆಗೆದರು. ಬಾಯಾರಿದವರಿಗೆ ಇಲ್ಲ ಎನ್ನುವುದು ಅವರ ಬಾಯಿಗೆ ಬರುವ ಮಾತಲ್ಲ. ಅವರನ್ನೆಲ್ಲ ಒಪ್ಪಿಸಿದವಳು ಮಹಾದೇವಿ ಕಾಕು.

"ನನ್ನ ಕುರ್ಚಿ ತೋರಿಸಿ ಲಕ್ಷ್ಮಣಣ್ಣನ ಅನ್ನ ಕಸಗೊಂಡಾನ ಅಂವ," ಎಂದಳು. "ಇವತ್ತ ಯಾರರೆ ಬಾಗಿಲ ತಗದ್ರ ನನ್ನ ಜೋಡಿ ಮಾತಾಡಬ್ಯಾಡ್ರಿ."

ಅವನು ಮಟಮಟ ಮಧ್ಯಾಹ್ನ ಬಂದ. ಎದುರುಗೊಳ್ಳಲು ಯಾರೂ ಹೋಗಲಿಲ್ಲ. ಚೀಲವನ್ನು ತಾನೇ ಹೊತ್ತು, ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ಮುಚ್ಚಿದ ಬಾಗಿಲುಗಳನ್ನು ನೋಡುತ್ತ ಬಂದ. ನಮ್ಮ ಮನೆಯಲ್ಲಿ ಅವತ್ತು ಒಂದು ಕೌದಿ, ಅದರ ಮೇಲೆ ಅಪ್ಪ, ಮೂಲೆಯಲ್ಲಿ ನೀರಿನ ಕೊಡ, ಅಷ್ಟೇ. ಏಳಬಾರದು ಎಂದು ಅಪ್ಪನಿಗೆ ತಾಕೀತು ಮಾಡಿದ್ದೆ. ಸಾಹೇಬ ಒಳಗೆ ಕಾಲಿಟ್ಟಾಗ ಅಪ್ಪನ ಮೊಣಕೈ ತಾನಾಗಿ ನೆಲಕ್ಕೂರಿತು. ನಾನು ಅಪ್ಪನ ಭುಜದ ಮೇಲೆ ಕೈಯಿಟ್ಟು ಒತ್ತಿ ಹಿಡಿದೆ. ಬಂದವರ ಮುಂದೆ ಮಲಗಿರುವುದು ಅಪ್ಪನಿಗೆ ಕೆಮ್ಮಿಗಿಂತ ದೊಡ್ಡ ಹಿಂಸೆ. ಅವನು ಗೋಡೆಯ ಕಡೆ ಮುಖ ಹೊರಳಿಸಿಬಿಟ್ಟ.

ಕೂರಲು ಏನೂ ಇರಲಿಲ್ಲ. ಸಾಹೇಬ ಸ್ವಲ್ಪ ಹೊತ್ತು ನಿಂತು, ಕೊನೆಗೆ ಹೊಸ್ತಿಲ ಮೇಲೆ ಕೂತ. ಬೆನ್ನಿಗೆ ಬಿಸಿಲು, ಎದುರಿಗೆ ನಾನು. ಒಂದು ಗ್ಲಾಸು ನೀರು ಕೊಡು ಎಂದು ಅವ್ವನನ್ನು ಕೇಳಿದ. ಅವ್ವ ನೀರಿನ ಕೊಡದ ಕಡೆ ಹೆಜ್ಜೆ ಇಟ್ಟವಳು ನನ್ನ ಮುಖ ನೋಡಿದಳು. ನಾನು ತಲೆ ಅಲ್ಲಾಡಿಸಿದೆ.

"ಮೊದಲ ಬರಕೋರಿ ಸಾಹೇಬ್ರ," ಎಂದೆ. "ಕಂಡದ್ದು ಕಂಡಂಗ ಬರೀತೀರಂತ ಹೆಸರದ ನಿಮ್ಮದು."

ಅವನು ಬರೆದ. ಕುರ್ಚಿ ಇಲ್ಲ ಎಂದು ಬರೆಸಿದೆ. ಫ್ಯಾನು ಇಲ್ಲ ಎಂದು ಬರೆಸಿದೆ. ಎಕ್ಸ್‌ರೇಯನ್ನು ಅವನ ಕಣ್ಣಿನ ಮುಂದೆ ಬಿಸಿಲಿಗೆ ಹಿಡಿದು, ಇದನ್ನೂ ಬರೆದುಕೊಳ್ಳಿ ಎಂದೆ. ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿಸಿ ಕೇಳಿದೆ. ಅವನ ತುಟಿ ಒಣಗಿ ಅಂಟಿಕೊಳ್ಳುತ್ತಿತ್ತು, ಅಕ್ಷರಗಳು ಬೆವರಿಗೆ ಹರಡುತ್ತಿದ್ದವು. ನಿಜ ಹೇಳುತ್ತೇನೆ, ಅಂಥ ಸುಖ ನನಗೆ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದಾಗಲೂ ಆಗಿರಲಿಲ್ಲ. ನಡುವೆ ಅಪ್ಪ ಗೋಡೆಯ ಕಡೆ ಮುಖವಿಟ್ಟುಕೊಂಡೇ ಕೊಡದ ಕಡೆ ಬೆರಳು ತೋರಿಸಿದ. ಒಂದು ಸಲವಲ್ಲ, ಮೂರು ಸಲ. ನಾನು ಕಾಣದವಳ ಹಾಗೆ ನಿಂತೆ. ಸಾಹೇಬ ಬರೆದು ಮುಗಿಸಿ, ಎದ್ದು, ನೀರು ಕುಡಿಯದೆ ಹೋದ. ಓಣಿಯ ಕೊನೆಯವರೆಗೂ ಒಂದು ಬಾಗಿಲೂ ತೆರೆಯಲಿಲ್ಲ.

ಅಪ್ಪ ಎಂಟು ದಿನ ನನ್ನೊಂದಿಗೆ ಮಾತಾಡಲಿಲ್ಲ. ಅವ್ವನ ಮುಂದೆ, ಹುಡುಗಿ ಓದಿ ಕೆಟ್ಟಳು ಎಂದನಂತೆ.

ಮಳೆ ಹಿಡಿಯುವ ಹೊತ್ತಿಗೆ ಪಗಾರ ಮಂಜೂರಾಯಿತು. ಮೊದಲ ಪಗಾರ ಬಂದ ದಿನ ಅಪ್ಪನನ್ನು ಕರೆದುಕೊಂಡು ಆಳಂದಕ್ಕೆ ಹೋದೆ. ಔಷಧಿ ಅಂಗಡಿಯಲ್ಲಿ ಪಂಪು ಕೊಂಡೆವು. ಆಮೇಲೆ ಅವನು ನನ್ನ ಕೈ ಹಿಡಿದು ಬಜಾರಿನೊಳಕ್ಕೆ ನಡೆಸಿದ. ನಿಂತು ನಿಂತು ಉಸಿರು ಎಳೆಯುತ್ತ ನಡೆದು, ಒಂದು ಅಂಗಡಿಯಲ್ಲಿ ಕೈಯಿರುವ ಕೆಂಪು ಪ್ಲಾಸ್ಟಿಕ್ ಕುರ್ಚಿ, ಇನ್ನೊಂದರಲ್ಲಿ ಒಂದು ಸ್ಟೀಲಿನ ಗ್ಲಾಸು ಆರಿಸಿದ. ಔಷಧಿಗೆ ಬಂದ ದುಡ್ಡು ಇದು, ಈಗ ಕುರ್ಚಿ ಯಾಕೆ ಎಂದು ನಾನು ರೇಗಿದೆ.

"ವರ್ಷಕ್ಕೊಮ್ಮಿ ವಿಚಾರಣಾ ಇರ್ತದಂತ. ಅಂವ ಮತ್ತ ಬರ್ತಾನ," ಎಂದ ಅಪ್ಪ. "ನಮ್ಮ ಮನಿಯಿಂದ ಬಾಯಾರಿ ಹೋದ ಮನಷ್ಯಾ ಅಂವ. ನಾ ಇರ್ಲಿ, ಬಿಡ್ಲಿ, ಕುಂದರಿಸಿ ನೀರ ಕೊಡ್ರಿ."

ಬಸ್ಸಿನ ಮೇಲೆ ಕಟ್ಟಿಸಿಕೊಂಡು ಕುರ್ಚಿಯನ್ನು ಊರಿಗೆ ತಂದೆವು. ಅದರ ಮೇಲೆ ಅಪ್ಪ ಒಂದು ದಿನವೂ ಕೂರಲಿಲ್ಲ, ನಮ್ಮನ್ನೂ ಕೂರಗೊಡಲಿಲ್ಲ. ಹಳೆ ಸೀರೆ ಮುಚ್ಚಿ ಮೂಲೆಯಲ್ಲಿಟ್ಟ. ಪಂಪು ತಪ್ಪದೆ ಸಿಕ್ಕಿದ್ದರಿಂದ ಆ ಮಳೆಗಾಲ, ಚಳಿಗಾಲದ ಅರ್ಧ ಚೆನ್ನಾಗಿಯೇ ಕಳೆಯಿತು. ಆದರೆ ಬೇಸಿಗೆಯ ಆ ಎರಡು ತಿಂಗಳಲ್ಲಿ ಎದೆ ಏನು ಕಳೆದುಕೊಂಡಿತ್ತೋ ಅದು ಮತ್ತೆ ಬರಲಿಲ್ಲ ಎಂದು ಡಾಕ್ಟರು ಹೇಳಿದರು. ಅದನ್ನು ನಾನು ಕಿವಿಯಾರೆ ಕೇಳಿದ್ದೇನೆ, ಅದಕ್ಕೇ ನನ್ನ ಉರಿ ಆರುವುದಿಲ್ಲ. ಹೊಸ ತೊಗರಿ ಮತ್ತೆ ಮಿಲ್ಲಿಗೆ ಬರುವ ಹೊತ್ತಿಗೆ, ಒಂದು ಬೆಳಗ್ಗೆ, ಅಪ್ಪ ಕಟ್ಟೆಯ ಮೇಲೆ ಕೂತವನು ಹಾಗೇ ವಾಲಿದ.

ತಿಂಗಳೊಪ್ಪತ್ತಿನಲ್ಲಿ ಸಾಹೇಬ ಬಂದ. ಅಪ್ಪನ ಹೆಸರನ್ನು ಪಟ್ಟಿಯಿಂದ ತೆಗೆಯಲು ಬರೆದುಕೊಂಡು ಹೋಗಬೇಕಿತ್ತು. ಹಿಂದಿನ ಸಲದ ನೆನಪಿನಿಂದಲೋ ಏನೋ, ಬಾಗಿಲ ಹೊರಗೇ ನಿಂತು, ಸಹಿ ಹಾಕಿದರೆ ಸಾಕು ಎಂದ. ಅವ್ವ ಮೂಲೆಗೆ ಹೋಗಿ ಸೀರೆ ಸರಿಸಿ ಕುರ್ಚಿ ತಂದಳು. ಸೆರಗಿನಿಂದ ಒರೆಸಿ ನಡುಮನೆಯಲ್ಲಿಟ್ಟಳು. ಆ ಸ್ಟೀಲಿನ ಗ್ಲಾಸಿನಲ್ಲಿ ನೀರು ತಂದು ಹಿಡಿದಳು. ಅವಳ ಮನಸ್ಸಿನಲ್ಲಿ ಕಲ್ಮಶ ಇರಲಿಲ್ಲ, ಗಂಡನ ಮಾತು ನಡೆಸುತ್ತಿದ್ದಳು. ಕಲ್ಮಶ ಇದ್ದದ್ದು ನನ್ನಲ್ಲಿ. ಅವನು ಸಂಕೋಚದಿಂದ ಕೂತು ಗ್ಲಾಸು ತುಟಿಯ ಹತ್ತಿರ ತರುವವರೆಗೂ ಕಾದೆ.

"ಸಾಹೇಬ್ರ, ಈ ಸಲ ಕುರ್ಚಿ ನಮ್ದೇ ಅದ," ಎಂದೆ. "ಮೊದಲ್ನೇ ಪಗಾರದಾಗ ಅಪ್ಪ ನಿಮ್ಮ ಸಲುವಾಗಿ ತಂದಿಟ್ಟಾನ. ಗ್ಲಾಸೂ ನಿಮ್ಮ ಸಲುವಾಗೇ ತಂದದ್ದು. ಬರಕೋರಿ."

ಅವನ ಕೈ ಅಲ್ಲೇ ನಿಂತಿತು. ಗ್ಲಾಸನ್ನು ಕೆಳಗಿಡಲು ಅವನು ಜಾಗ ಹುಡುಕಿದ. ಮನೆಯಲ್ಲಿ ಟೇಬಲ್ಲು ಇರಲಿಲ್ಲ. ಏಳಲು ನೋಡಿದ, ಅವ್ವ ಎದುರಿಗೆ ಕೈಮುಗಿದು ನಿಂತಿದ್ದಳು.

"ಪೂರ್ತಿ ಕುಡೀರಿ," ಎಂದೆ. "ಅಪ್ಪ ಹೇಳಿ ಹೋಗ್ಯಾನ."

ಅವನು ಕುಡಿದ. ಕೊನೆಯ ಗುಟುಕು ಗಂಟಲಲ್ಲಿ ಇಳಿಯುವವರೆಗೂ ನಾನು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.